ಆರ್ನೋ ತೀರದಲ್ಲಿ ಉಳಿದ ಅರಸರು

ಭೂಮಧ್ಯಸಮುದ್ರದ ದ್ವೀಪಗಳಿಗೆ ರಜೆ ಕಳೆಯಲು ಹೋಗುವವರ ಮೆಚ್ಚಿನ ಕೆಲಸಗಳು ಯಾವುವೆಂಬುದು ಬಹು ಹಿಂದೆಯೇ ಗೊತ್ತಾಗಿಹೋಗಿದೆ. ಮಾಲ್ಟಾದಲ್ಲಿ ಕೋಟೆಯ ಗೋಡೆಯ ಮೇಲೆ ನಿಂತು ಬಂದರಿನ ಹಡಗುಗಳನ್ನು ಎಣಿಸಬೇಕು. ಸಿಸಿಲಿಯಲ್ಲಿ ಗ್ರೀಕರು ಕಟ್ಟಿ ಬಿಟ್ಟುಹೋದ ದೇಗುಲಗಳ ಕಂಬಗಳ ನಡುವೆ ಅಲೆಯಬೇಕು. ಕಾಪ್ರಿಯ ನೀಲಿ ಗುಹೆಯೊಳಕ್ಕೆ ದೋಣಿಯಲ್ಲಿ ತಲೆ ತಗ್ಗಿಸಿ ನುಸುಳಬೇಕು. ಹೊತ್ತು ಇಳಿದ ಮೇಲೆ ಬಂದರಿನ ಬೀದಿಯಲ್ಲಿ ಗೊತ್ತುಗುರಿಯಿಲ್ಲದೆ ತಿರುಗಬೇಕು. ಮರಳುವಾಗ ಇಟಲಿಯ ಫ್ಲಾರೆನ್ಸ್ ನಗರವನ್ನು ನೋಡಿಕೊಂಡು ಬಂದರೆ ಯಾತ್ರೆ ಪೂರ್ತಿಯಾಯಿತು. ನಿಪಾಣಿಯ ವ್ಯಾಪಾರಿಯಾಗಲಿ ಚಿಕ್ಕೋಡಿಯ ಉಪಾಧ್ಯಾಯರಾಗಲಿ ಈ ಯಾತ್ರೆಗೆ ಹೊರಟರೆ ಇಂದು ಯಾರೂ ಸೋಜಿಗಪಡುವುದಿಲ್ಲ. ಆದರೆ ಫ್ಲಾರೆನ್ಸಿನ ಪಶ್ಚಿಮದ ಅಂಚಿಗೆ, ಕಶೀನೆ ಎಂಬ ಉದ್ಯಾನದ ತುತ್ತತುದಿಗೆ, ನಡೆದುಹೋದರೆ ಅವರೇ ಸೋಜಿಗಪಡಬೇಕಾಗುತ್ತದೆ. ಅಲ್ಲಿ ನದಿಯ ದಂಡೆಯಲ್ಲಿ ನಮ್ಮ ಕಡೆಯ ಛತ್ರಿಯೊಂದು ನಿಂತಿದೆ. ಅದರ ಕೆಳಗೆ ರುಮಾಲು ತೊಟ್ಟ, ಕೊರಳಲ್ಲಿ ಆಭರಣ ಧರಿಸಿದ ತರುಣನೊಬ್ಬನ ಎದೆಮಟ್ಟದ ಪ್ರತಿಮೆಯಿದೆ. ಆ ಊರಿನವರು ಅವನನ್ನು ಕೇವಲ ಇಂಡಿಯಾನೋ, ಎಂದರೆ ಹಿಂದುಸ್ತಾನದವನು, ಎಂದು ಕರೆಯುತ್ತಾರೆ. ನಮ್ಮ ರಾಯಬಾಗದ ಜನಕ್ಕೆ ಅವನು ಬರಿಯ ಹಿಂದುಸ್ತಾನದವನಲ್ಲ. ಅವರ ಮುತ್ತಜ್ಜಂದಿರು ಕಂದಾಯ ಕಟ್ಟುತ್ತಿದ್ದ ಅರಸರು, ಕೊಲ್ಲಾಪುರದ ಛತ್ರಪತಿ ರಾಜಾರಾಮ ಮಹಾರಾಜರು.

ಗಡಿಸೀಮೆಯ ಹಳೆಯ ರಾಜಕೀಯ ನಕ್ಷೆ ಇಂದಿನ ವಿದ್ಯಾರ್ಥಿಗಳಿಗೆ ಗೋಜಲಾಗಿ ತೋರುವುದು ಸಹಜ. ಅಂದು ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿತ್ತು. ಕಾಗವಾಡದ ಸುತ್ತಮುತ್ತ ಪಟವರ್ಧನರ ಜಹಗೀರುಗಳು ಹರಡಿದ್ದವು. ಪ್ರಾಚೀನರು ಹೂವಿನ ಬಾಗೆಯೆಂದು ಕರೆದ ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಚಿಕ್ಕೋಡಿಯ ಕಥೆ ಇನ್ನೂ ವಿಚಿತ್ರ. ಚಿಕ್ಕೋಡಿ, ಮನೋಳಿ ಸೀಮೆಗಳನ್ನು ನಿಪಾಣಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳಕರನು ಕೊಲ್ಲಾಪುರದಿಂದ ಕಿತ್ತುಕೊಂಡಿದ್ದನು. ಪೇಶ್ವೆಯ ಪತನದ ಕಾಲದಲ್ಲಿ ತಮ್ಮ ಪಕ್ಷ ವಹಿಸಿದ ಕೊಲ್ಲಾಪುರಕ್ಕೆ ಇಂಗ್ಲಿಷರು ಅವನ್ನು ಮರಳಿ ಕೊಡಿಸಿದರು. ಹತ್ತು ಹನ್ನೆರಡು ವರ್ಷ ಕಳೆಯುವುದರೊಳಗೆ, 1829ರ ಹೊತ್ತಿಗೆ, ತಾವೇ ಹಿಂದಕ್ಕೆ ತೆಗೆದುಕೊಂಡರು. 1839ರಲ್ಲಿ ಸಿದ್ದೋಜಿರಾವ್ ತೀರಿಕೊಂಡಾಗ ಅವನಿಗೆ ವಾರಸುದಾರನಿಲ್ಲವೆಂದು ನಿಪಾಣಿಯನ್ನೂ ನುಂಗಿದರು. 1848ರಲ್ಲಿ ಅದೇ ನೆವದಿಂದ ಸಾತಾರೆಯ ಸಿಂಹಾಸನ ಹೋಯಿತು. ಶಿವಾಜಿಯ ವಂಶದ ಗಾದಿಯೆಂದು ಉಳಿದುಕೊಂಡದ್ದು ಕೊಲ್ಲಾಪುರವೊಂದೇ.

ಆ ಗಾದಿಯ ಮೇಲಿದ್ದ ಶಿವಾಜಿ ಮಹಾರಾಜರಿಗೂ ಗಂಡು ಸಂತಾನವಿರಲಿಲ್ಲ. 1857ರ ದಂಗೆಯ ಬೆಂಕಿ ಕೊಲ್ಲಾಪುರದ ದಂಡಿನಲ್ಲಿ ಹತ್ತಿಕೊಂಡಾಗ ಅರಸರು ಸುಮ್ಮನಿದ್ದರೂ ಅವರ ತಮ್ಮ ಚಿಮಾಸಾಹೇಬನು ಸುಮ್ಮನಿರಲಿಲ್ಲವೆಂದು ಸರಕಾರ ನಂಬಿತು. ಅವನನ್ನು ಹಿಡಿದು ಕರಾಚಿಗೆ ಸಾಗಿಸಿತು. ಊರು ಕಾಣದೆ ಅವನು 1869ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದನು. ದಂಗೆಯ ಅನಂತರ ಇಂಗ್ಲಿಷರ ಧೋರಣೆ ಬದಲಾಗಿ ದೇಶೀಯ ಅರಸರು ದತ್ತಕ ತೆಗೆದುಕೊಳ್ಳಬಹುದೆಂಬ ಮಾತು ಬಂತು. ನಿಪಾಣಿಗೆ ಸಿಕ್ಕದ ಭಾಗ್ಯ ಕೊಲ್ಲಾಪುರಕ್ಕೆ ಸಿಕ್ಕಿತು. 1866ರ ಆಗಸ್ಟಿನಲ್ಲಿ ಮರಣಶಯ್ಯೆಯಲ್ಲಿದ್ದ ಶಿವಾಜಿ ಮಹಾರಾಜರು ತಮ್ಮ ಸೋದರಳಿಯನಾದ ನಾಗೋಜಿ ಪಾಟಣಕರನನ್ನು ದತ್ತಕ ತೆಗೆದುಕೊಂಡರು. ಮುಂಬಯಿಯ ಗವರ್ನರ್ ಸರ್ ಬಾರ್ಟ್ಲ್ ಫ್ರೇರನ ಆಡಳಿತದಲ್ಲಿ ಅದಕ್ಕೆ ಮನ್ನಣೆ ದೊರೆಯಿತು. (ಈ ಫ್ರೇರನು 1834ರಲ್ಲಿ ತರುಣ ನೌಕರನಾಗಿ ಹಿಂದುಸ್ತಾನಕ್ಕೆ ಬರುವಾಗ ಮಾಲ್ಟಾದಲ್ಲಿ ತನ್ನ ದೊಡ್ಡಪ್ಪನ ಬಳಿ ತಂಗಿ ಅರಬ್ಬಿ ಕಲಿತಿದ್ದನು. ದ್ವೀಪವಾಸಕ್ಕೆ ಹಾಗೂ ಒಂದು ಉಪಯೋಗವುಂಟು.) 1850ರಲ್ಲಿ ಹುಟ್ಟಿದ ನಾಗೋಜಿಗೆ ಆಗ ಹದಿನಾರು ವರ್ಷ. ಅಂದಿನಿಂದ ಅವನ ಹೆಸರು ರಾಜಾರಾಮ.

ಹದಿನಾರರ ಹುಡುಗನನ್ನು ಅರಸನನ್ನಾಗಿ ಮಾಡುವ ಕೆಲಸವನ್ನು ಇಂಗ್ಲಿಷರು ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. ಪಾರ್ಸಿ ಉಪಾಧ್ಯಾಯರೊಬ್ಬರು ಇಂಗ್ಲಿಷ್ ಕಲಿಸಿದರು. ಹುಡುಗ ಚೆನ್ನಾಗಿ ಕಲಿತನು. ದಿನಚರಿಯನ್ನು ಇಂಗ್ಲಿಷಿನಲ್ಲಿ ತನ್ನ ಕೈಯಾರೆ ಬರೆಯುವಷ್ಟು ಕಲಿತನು. ಓದಿದ ಪುಸ್ತಕಗಳು ಅವನಲ್ಲಿ ನಾಡುಗಳನ್ನು ನೋಡುವ ಆಸೆಯನ್ನು ಹುಟ್ಟಿಸಿದವು. ಇದು ಸರಕಾರಕ್ಕೂ ಹಿತವಾದ ಆಸೆಯೇ. ಸಾಮ್ರಾಜ್ಯದ ವೈಭವವನ್ನು ಕಣ್ಣಾರೆ ಕಂಡ ಅರಸನು ಮುಂದೆ ತಕರಾರು ಮಾಡಲಾರನೆಂಬ ಲೆಕ್ಕಾಚಾರ ಅವರಿಗಿರದೆ ಇರಲಿಲ್ಲ. ಆದರೆ ಇಪ್ಪತ್ತರ ಹರೆಯದವನ ಕುತೂಹಲವನ್ನೆಲ್ಲ ಸರಕಾರದ ಲೆಕ್ಕಕ್ಕೆ ಜಮಾ ಮಾಡುವುದು ನ್ಯಾಯವಲ್ಲ. ನೋಡಬೇಕೆಂಬ ಹಂಬಲ ಅವನದೇ.

ಹಂಬಲದ ದಾರಿಯಲ್ಲಿ ಸಮುದ್ರವಿತ್ತು. ಕಡಲು ದಾಟಿದವನು ಜಾತಿಗೆ ಹೊರಗೆಂಬ ಕಟ್ಟು ಅಂದು ಬಲವಾಗಿದ್ದಿತು. ಅದಕ್ಕೆ ಮೊದಲು ಇಂಗ್ಲೆಂಡಿಗೆ ಹೋದ ನಮ್ಮ ನಾಡಿನ ಅರಸರಲ್ಲಿ ಕೊಡಗಿನ ಚಿಕವೀರರಾಜೇಂದ್ರನ ಹೆಸರು ಕನ್ನಡಿಗರಿಗೆ ತಿಳಿದಿದೆ. ಆದರೆ ಅವನು ರಾಜ್ಯ ಕಳೆದುಕೊಂಡು ನ್ಯಾಯ ಕೇಳಲು ಹೋದವನು. ಮಗಳು ಗೌರಮ್ಮ 1852ರಲ್ಲಿ ಕ್ರೈಸ್ತಳಾದಳು, ತಾನು 1859ರಲ್ಲಿ ಲಂಡನ್ನಿನಲ್ಲಿ ಸತ್ತನು. ಪಂಜಾಬಿನ ದುಲೀಪಸಿಂಹನೂ ಪದಚ್ಯುತನೇ. ಗಾದಿಯ ಮೇಲಿರುವ ಹಿಂದೂ ಅರಸನೊಬ್ಬನು, ಅದರಲ್ಲಿಯೂ ಶಿವಾಜಿಯ ಮನೆತನದವನು, ಬೇಡುವುದೇನೂ ಇಲ್ಲದೆ ನೋಡುವ ಸಂತೋಷಕ್ಕಾಗಿ ಹೊರಡುವುದು ಬಲು ವಿರಳವಾದ ಸಂಗತಿ. ಹೊರಡುವ ಮುನ್ನ ರಾಜಾರಾಮ ಮಹಾರಾಜರು ಕೊಲ್ಲಾಪುರದಲ್ಲಿ ಹೈಸ್ಕೂಲಿನ ಕಟ್ಟಡಕ್ಕೆ ಅಡಿಗಲ್ಲು ಇಟ್ಟರು. ಆ ಕಲ್ಲಿನ ಮಾತು ಮುಂದೆ ಬರಲಿದೆ.

1870ರ ಮೇ ತಿಂಗಳಲ್ಲಿ ಪ್ರಯಾಣ ಬೆಳೆಸಿದರು. ಕೊಲ್ಲಾಪುರಕ್ಕೆ ರೈಲು ಬಂದದ್ದು 1891ರಲ್ಲಿ. ಅಂದು ಪುಣೆಯವರೆಗೂ ರಸ್ತೆಯ ದಾರಿಯೇ. ಮುಂಬಯಿಯಲ್ಲಿ ಹಡಗು. ಜೊತೆಗೆ ಹತ್ತು ಹನ್ನೊಂದು ಜನರ ಪರಿವಾರ. ಮೇಲ್ವಿಚಾರಣೆಗೆ ಕ್ಯಾಪ್ಟನ್ ಎಡ್ವರ್ಡ್ ವೆಸ್ಟ್. ಈ ವೆಸ್ಟನು ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಗಳ ವೃತ್ತಾಂತವನ್ನು ಒಂದು ಪುಸ್ತಕವಾಗಿ ಬರೆದವನು. ಮೀರಜ, ಸಾಂಗ್ಲಿ, ಕುರುಂದವಾಡ, ನಿಪಾಣಿಗಳ ಒಳಗುಟ್ಟು ಬಲ್ಲವನು. ಸೂಯೆಜ್ ಕಾಲುವೆ ತೆರೆದು ಆಗಿನ್ನೂ ಆರೇ ತಿಂಗಳು. ಅಲೆಕ್ಸಾಂಡ್ರಿಯದಿಂದ ಆಚೆಗೆ ಭೂಮಧ್ಯಸಮುದ್ರ ಹರಡಿಕೊಳ್ಳುತ್ತದೆ.

ಆ ಕಾಲದ ಟಪಾಲು ಹಡಗಿನಲ್ಲಿ ಫ್ರಾನ್ಸಿನತ್ತ ಸಾಗುವ ಪ್ರಯಾಣಿಕರಿಗೆ ದ್ವೀಪದರ್ಶನವೆಂಬುದು ಹೆಚ್ಚಿನ ಖರ್ಚಿಲ್ಲದೆ ದೊರೆಯುತ್ತಿದ್ದ ಭಾಗ್ಯ. ಮೊದಲು ಕ್ರೀಟ್ ದ್ವೀಪದ ಬೆಟ್ಟಗಳು. ಆಮೇಲೆ ಸಿಸಿಲಿ, ಎಟ್ನಾ ಪರ್ವತದ ತಲೆಯ ಮೇಲೆ ಹಿಮವೂ ಹೊಗೆಯೂ ಒಟ್ಟಿಗೆ. ಮೆಸ್ಸಿನಾ ಜಲಸಂಧಿಯಲ್ಲಿ ಎರಡೂ ದಡಗಳು ಹತ್ತಿರ ಬಂದು ಮನೆಗಳ ಕಿಟಕಿಗಳು ಕಾಣುತ್ತವೆ. ರಾತ್ರಿಯಾದರೆ ಸ್ಟ್ರಾಂಬೋಲಿ ದ್ವೀಪದ ಅಗ್ನಿಪರ್ವತವೇ ದೀಪಸ್ತಂಭ. ಮುಂದೆ ಕಾರ್ಸಿಕಾ, ಸಾರ್ಡೀನಿಯಗಳ ನಡುವಣ ಇಕ್ಕಟ್ಟಿನ ನೀರು. ಅಲ್ಲಿಯೇ ಪಕ್ಕದಲ್ಲಿ ಗ್ಯಾರಿಬಾಲ್ಡಿ ಬೇಸಾಯ ಮಾಡಿಕೊಂಡಿದ್ದ ಕಾಪ್ರೇರಾ. ಹಡಗಿನ ಕಟಕಟೆಗೆ ಆತು ನಿಂತು ಇವನ್ನೆಲ್ಲ ನೋಡುವುದೇ ಆ ಕಾಲದ ಪ್ರವಾಸಿಗಳ ಮೆಚ್ಚಿನ ಹೊತ್ತುಗಳೆಯುವಿಕೆ. ಕೃಷ್ಣೆಯ ಪ್ರವಾಹವನ್ನೇ ದೊಡ್ಡ ನೀರೆಂದು ತಿಳಿದು ಬೆಳೆದವರಿಗೆ ಈ ನೀಲಿಯು ಏನೆನ್ನಿಸೀತೆಂಬುದನ್ನು ನದೀತೀರದ ನಮ್ಮ ಓದುಗರು ತಾವೇ ಊಹಿಸಬಲ್ಲರು.

ಜೂನ್ ತಿಂಗಳಲ್ಲಿ ಲಂಡನ್ ತಲುಪಿದರು. ಸುಮಾರು ಐದು ತಿಂಗಳು ಬ್ರಿಟನ್ನಿನಲ್ಲಿ ಕಳೆಯಿತು. ವಿಕ್ಟೋರಿಯಾ ರಾಣಿಯ ದರ್ಶನವಾಯಿತು. ಪ್ರಧಾನಿ ಗ್ಲ್ಯಾಡ್‌ಸ್ಟನ್, ಯುವರಾಜ, ದುಲೀಪಸಿಂಹ, ಆಗ ಅಲ್ಲಿ ನೆಲಸಿದ್ದ ದಾದಾಭಾಯಿ ನವರೋಜಿ ಇವರೆಲ್ಲರ ಭೇಟಿಯಾಯಿತು. ದಿನದಿನವೂ ಕಂಡುದನ್ನು ಮಹಾರಾಜರು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದಿಟ್ಟರು. ಅವರು ತೀರಿಕೊಂಡ ಮೇಲೆ ವೆಸ್ಟನು ಆ ದಿನಚರಿಯನ್ನು ಸಂಪಾದಿಸಿ 1872ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದನು. ಅದೊಂದು ಮಹಾಕೃತಿಯೆಂದು ಯಾರೂ ಹೇಳಲಾರರು. ಹಾಡುಗಬ್ಬದ ಸೊಬಗಾಗಲಿ ತತ್ತ್ವವಿಚಾರವಾಗಲಿ ಅದರಲ್ಲಿಲ್ಲ. ಹೋದೆ, ಕಂಡೆ, ಅವರು ಬಂದರು, ಇವರನ್ನು ನೋಡಿದೆ ಎಂಬ ಧಾಟಿ. ಅಧಿಕಾರಿಯೊಬ್ಬನ ಕೈಯಿಂದ ಹಾಯ್ದು ಬಂದ ಬರಹವಾದುದರಿಂದ ಅಲ್ಲಿ ಬಿಟ್ಟುಹೋದುದೇನೆಂಬ ಅನುಮಾನವೂ ಓದುವವರ ಮನಸ್ಸಿನಲ್ಲಿ ಉಳಿಯದಿರದು. ಆದರೂ ಆ ಪುಟಗಳಲ್ಲಿ ಕಾಣುವ ತರುಣನು ದರ್ಬಾರಿನ ಬೊಂಬೆಯಲ್ಲ. ತೋರಿಸಿದುದನ್ನೆಲ್ಲ ನೋಡುವ ತಾಳ್ಮೆ ಅವನಿಗಿದೆ, ದಣಿವು ಕಡಮೆ.

ಆ ಬೇಸಗೆಯಲ್ಲಿಯೇ ಯುರೋಪು ಹೊತ್ತಿಕೊಂಡಿತು. ಜುಲೈಯಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಆರಂಭವಾಯಿತು. ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಚಕ್ರವರ್ತಿ ಸೆರೆಸಿಕ್ಕಿ, ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿತ್ತು. ನವೆಂಬರಿನ ಆರಂಭದಲ್ಲಿ ಮಹಾರಾಜರು ಇಂಗ್ಲೆಂಡನ್ನು ಬಿಟ್ಟಾಗ ಫ್ರಾನ್ಸಿನ ಹಾದಿ ಮುಚ್ಚಿಹೋಗಿತ್ತು. ಬೆಲ್ಜಿಯಂ, ಜರ್ಮನಿಗಳನ್ನು ಹಾಯ್ದು, ಆಲ್ಪ್ಸ್ ಪರ್ವತವನ್ನು ಬ್ರೆನ್ನರ್ ಕಣಿವೆಯಲ್ಲಿ ದಾಟಿ, ಇಟಲಿಯನ್ನು ನೋಡಿಕೊಂಡು ಅಲ್ಲಿಂದ ಹಡಗು ಹತ್ತುವುದೆಂದು ಗೊತ್ತಾಯಿತು. ಕೆಲಸದ ಭಾಗ ಮುಗಿದಿತ್ತು, ಇನ್ನುಳಿದುದು ರಜೆ. ಚಳಿಗಾಲ ಬಂದೊಡನೆ ಉತ್ತರದ ಧನಿಕರು ಭೂಮಧ್ಯಸಮುದ್ರದ ಬಿಸಿಲಿಗೆ ಇಳಿದುಬರುವುದು ವಾಡಿಕೆ. ವೈದ್ಯರು ಅದನ್ನು ಔಷಧಿಯ ಚೀಟಿಯಲ್ಲಿಯೇ ಬರೆದುಕೊಡುತ್ತಿದ್ದ ಕಾಲವದು. ಮಹಾರಾಜರ ದಾರಿಯೂ ಬಿಸಿಲಿನತ್ತ ಇಳಿಯುವ ದಾರಿಯೇ ಆಗಿದ್ದಿತು. ಆದರೆ ನಡುವೆ ಆಲ್ಪ್ಸ್ ಪರ್ವತದ ನವೆಂಬರ್ ತಿಂಗಳಿತ್ತು. ಟಿರೋಲ್ ಸೀಮೆಯಲ್ಲಿ ಅವರ ಆರೋಗ್ಯ ಕೆಟ್ಟಿತು. ಹಾಗೆಯೇ ಪರ್ವತವನ್ನಿಳಿದು ಫ್ಲಾರೆನ್ಸಿಗೆ ಬಂದು ಆರ್ನೋ ನದಿಯ ಬದಿಯ ಹೋಟೆಲಿನಲ್ಲಿ ಇಳಿದುಕೊಂಡರು.

ಫ್ಲಾರೆನ್ಸ್ ಆಗ ಇಟಲಿಯ ರಾಜಧಾನಿ. ಡಾಂಟೆಯ ಹುಟ್ಟೂರು, ಚಿತ್ರಶಾಲೆಗಳ ಊರು. ಬ್ರೌನಿಂಗ್ ದಂಪತಿಗಳು ವಾಸವಾಗಿದ್ದ ಊರು. ನೋಡುವ ಹಸಿವು ಹೊತ್ತು ಬಂದವರಿಗೆ ಅದಕ್ಕಿಂತ ತಕ್ಕ ಊರು ಇನ್ನೊಂದಿಲ್ಲ. ಮಹಾರಾಜರು ಅದನ್ನು ನೋಡಲಿಲ್ಲವೆಂದೇ ಹೇಳಬೇಕು. ಹಾಸಿಗೆ ಹಿಡಿದವರು ಏಳಲಿಲ್ಲ. 1870ನೆಯ ನವೆಂಬರ್ 30ರಂದು ಪ್ರಾಣ ಹೋಯಿತು. ವಯಸ್ಸು ಇಪ್ಪತ್ತು.

ಇಲ್ಲಿಂದ ಮುಂದಿನ ಕೆಲವು ಗಂಟೆಗಳ ಸಂಗತಿಯೇ ಈ ಜೀವನಚರಿತ್ರೆಯಲ್ಲಿ ಜಗತ್ತು ನೆನಪಿಟ್ಟುಕೊಂಡಿರುವ ಭಾಗ. ಪರಿವಾರದವರ ಮುಂದಿದ್ದ ಸಂಕಟವನ್ನು ಊಹಿಸಿಕೊಳ್ಳಬೇಕು. ಅರಸರನ್ನು ದಹನ ಮಾಡಬೇಕು. ಅದೂ ಎರಡು ನೀರು ಕೂಡುವ ಸಂಗಮದಲ್ಲಿ. ಇಟಲಿಯಲ್ಲಿಯಾದರೋ ಹೆಣ ಸುಡುವುದು ಚರ್ಚಿಗೂ ಕಾಯಿದೆಗೂ ಒಪ್ಪದ ಮಾತು. ರಾಜಾ ರಾಮಮೋಹನರಾಯರು 1833ರಲ್ಲಿ ಬ್ರಿಸ್ಟಲಿನಲ್ಲಿ ತೀರಿಕೊಂಡಾಗ ಅವರನ್ನು ಹೂಳಬೇಕಾಯಿತು. ದ್ವಾರಕಾನಾಥ ಠಾಕೂರರನ್ನು 1846ರಲ್ಲಿ ಲಂಡನ್ನಿನಲ್ಲಿ ಹೂಳಿದರು. ತಮ್ಮ ಧರ್ಮದ ಬೆಂಕಿ ಅವರಿಗೆ ದೊರೆಯಲಿಲ್ಲ. ಇದೇ ಟಸ್ಕನಿಯ ಸಮುದ್ರತೀರದಲ್ಲಿ 1822ರಲ್ಲಿ ಕವಿ ಶೆಲ್ಲಿಯ ದೇಹವನ್ನು ಸುಟ್ಟದ್ದುಂಟು. ಅದು ಕಡಲಿನಿಂದ ತೇಲಿಬಂದ ಹೆಣವೆಂದು ರೋಗಭಯದ ನಿಯಮಕ್ಕೆ ಒಳಪಟ್ಟು ಮಾಡಿದ ಕೆಲಸವೇ ಹೊರತು ಗೌರವಕ್ಕಾಗಿ ಮಾಡಿದ್ದಲ್ಲ. ಹಾಗಿರಲು ಗುರುತಿಲ್ಲದ ನಾಡಿನ, ಹೆಸರು ಉಚ್ಚರಿಸಲೂ ಬಾರದ ಅರಸನಿಗಾಗಿ ಫ್ಲಾರೆನ್ಸಿನ ನಗರಸಭೆ ಏಕೆ ಮನಸ್ಸು ಮಾಡಬೇಕು?

ಆದರೆ ಮನಸ್ಸು ಮಾಡಿತು. ಬ್ರಿಟಿಷ್ ರಾಯಭಾರಿ ನಡುವೆ ನಿಂತು ಮಾತಾಡಿದನು. ವಿಶೇಷ ಅನುಮತಿ ಸಿಕ್ಕಿತು. ಆರ್ನೋ ನದಿಗೆ ಮುನ್ಯೋನೆ ಎಂಬ ಹೊಳೆ ಬಂದು ಸೇರುವ ಸ್ಥಳ ಕಶೀನೆ ಉದ್ಯಾನದ ತುದಿಯಲ್ಲಿದೆ. ಕಶೀನೆ ಎಂಬುದು ದನಕರುಗಳ ಹಟ್ಟಿಯಿಂದ ಬಂದ ಹೆಸರಾದರೂ ನಮ್ಮ ಕಿವಿಗೆ ಅದರಲ್ಲಿ ಕಾಶಿಯ ನೆರಳು ಕೇಳಿಸದೆ ಇರುವುದಿಲ್ಲ. ನರಸೋಬವಾಡಿಯಲ್ಲಿ ಕೃಷ್ಣೆ ಪಂಚಗಂಗೆಯರು ಕೂಡುವುದನ್ನೂ, ಚಿಕ್ಕೋಡಿ ಸೀಮೆಯಲ್ಲಿ ದೂಧಗಂಗೆ ಬಂದು ಕೃಷ್ಣೆಯನ್ನು ಸೇರುವುದನ್ನೂ ಬಲ್ಲ ಜನಕ್ಕೆ ಆ ಪರನಾಡಿನ ಚಿಕ್ಕ ಸಂಗಮ ಆ ರಾತ್ರಿ ಸಾಕಾಯಿತು. ನಡುರಾತ್ರಿ ಕಳೆದ ಮೇಲೆ ದೇಹವನ್ನು ಅಲ್ಲಿಗೆ ಸಾಗಿಸಿದರು. ರುಮಾಲು, ಆಭರಣ, ಶಾಲುಗಳೊಡನೆ ಅರಸರನ್ನು ಚಿತೆಯ ಮೇಲೆ ಮಲಗಿಸಿದರು. ಪರಿವಾರದ ಬ್ರಾಹ್ಮಣರು ಮಂತ್ರ ಹೇಳಿದರು. ಸುದ್ದಿ ತಿಳಿದ ಊರಿನವರು ಚಳಿಯನ್ನು ಲೆಕ್ಕಿಸದೆ ದೂರದಲ್ಲಿ ನೆರೆದು ನೋಡಿದರು. ಬೆಳಗಾಗುವವರೆಗೆ ಬೆಂಕಿ ಉರಿಯಿತು. ಬೂದಿಯಲ್ಲಿ ಒಂದು ಪಾಲನ್ನು ಆರ್ನೋ ನೀರಿಗೆ ಬಿಟ್ಟು, ಉಳಿದುದನ್ನು ಗಂಗೆಗೆ ಒಪ್ಪಿಸಲು ತೆಗೆದುಕೊಂಡು ಹೊರಟರು. ಇಟಲಿಯಲ್ಲಿ ದಹನಸಂಸ್ಕಾರದ ಆಧುನಿಕ ಪದ್ಧತಿ ಮಿಲಾನ್ ನಗರದಲ್ಲಿ ಆರಂಭವಾದದ್ದು ಇದಾದ ಆರು ವರ್ಷಗಳ ಮೇಲೆ, 1876ರಲ್ಲಿ.

ಸ್ಮಾರಕ ಎದ್ದದ್ದು 1874ರಲ್ಲಿ. ಛತ್ರಿಯ ನಕ್ಷೆಯನ್ನು ಹಾಕಿದವನು ಚಾರ್ಲ್ಸ್ ಮ್ಯಾಂಟ್ ಎಂಬ ಎಂಜಿನಿಯರ್; ಕೊಲ್ಲಾಪುರದ ಹೊಸ ಅರಮನೆಯೂ ಅವನದೇ ಕಲ್ಪನೆ. ಪ್ರತಿಮೆಯನ್ನು ಕಡೆದವನು ಫ್ಲಾರೆನ್ಸಿನಲ್ಲಿ ನೆಲಸಿದ್ದ ಇಂಗ್ಲಿಷ್ ಶಿಲ್ಪಿ ಚಾರ್ಲ್ಸ್ ಫುಲ್ಲರ್. ಪ್ರತಿಮೆಗೆ ಬಣ್ಣ ಬಳಿದಿದೆ. ಅಮೃತಶಿಲೆಯ ಬಿಳುಪನ್ನೇ ಸೌಂದರ್ಯವೆಂದು ತಿಳಿದ ಊರಿನಲ್ಲಿ ಅದು ತುಸು ಒರಟಾಗಿ ಕಂಡರೂ ಕಾಣಬಹುದು. ನಮ್ಮ ಜಾತ್ರೆಯ ತೇರನ್ನು ಕಂಡವರಿಗೆ ಆಪ್ತವಾಗಿಯೇ ಕಾಣುತ್ತದೆ.

ಕೊಲ್ಲಾಪುರದಲ್ಲಿ ಮತ್ತೆ ದತ್ತಕದ ಮಾತು. 1871ರಲ್ಲಿ ಇನ್ನೊಬ್ಬ ಬಾಲಕ ಗಾದಿಗೆ ಬಂದನು. ಅವನ ಬಾಳು ಇದಕ್ಕಿಂತಲೂ ದುಃಖದ್ದು, 1883ರಲ್ಲಿ ಅದೂ ಮುಗಿಯಿತು. ಮರುವರ್ಷ ಕಾಗಲ ಮನೆತನದಿಂದ ಬಂದವರೇ ಶಾಹು ಮಹಾರಾಜರು. 1902ರಲ್ಲಿ ಅವರೂ ಕಡಲು ದಾಟಿ ಯುರೋಪನ್ನು ನೋಡಿ ಬಂದರು. ಮೂವತ್ತೆರಡು ವರ್ಷಗಳಲ್ಲಿ ಆ ದಾಟುವಿಕೆಯ ಅಂಜಿಕೆ ಎಷ್ಟೋ ಕಡಮೆಯಾಗಿತ್ತು. ರಾಯಬಾಗವಾದರೋ ಕೊಲ್ಲಾಪುರದ ಸಂಗಡವೇ ಉಳಿದು, 1949ರಲ್ಲಿ ಸಂಸ್ಥಾನ ವಿಲೀನವಾದಾಗ ಮುಂಬಯಿ ರಾಜ್ಯವನ್ನು ಸೇರಿ, 1956ರಲ್ಲಿ ಬೆಳಗಾವಿ ಜಿಲ್ಲೆಯೊಡನೆ ಕನ್ನಡನಾಡಿಗೆ ಬಂದಿತು.

ಹೊರಡುವ ಮುನ್ನ ಅಡಿಗಲ್ಲು ಇಟ್ಟ ಹೈಸ್ಕೂಲು 1880ರಲ್ಲಿ ಕಾಲೇಜಾಯಿತು. ಅದಕ್ಕೆ ಅವರ ಹೆಸರೇ ನಿಂತಿತು. ಆ ರಾಜಾರಾಮ ಕಾಲೇಜಿನಲ್ಲಿ ಕೆ. ಜಿ. ಕುಂದಣಗಾರರು ಪಾಠ ಹೇಳಿದರು. ಉತ್ತರ ಕರ್ನಾಟಕದ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಅವರು 1939ರಲ್ಲಿ ಪ್ರಕಟಿಸಿದರು. ವಿನಾಯಕ ಕೃಷ್ಣ ಗೋಕಾಕರು ಕೆಲವು ಕಾಲ ಅಲ್ಲಿ ಪ್ರಾಚಾರ್ಯರಾಗಿದ್ದರು. ಎಲ್ಲರಿಗಿಂತ ಹೆಚ್ಚು ವರ್ಷ ಅಲ್ಲಿ ಬೇರುಬಿಟ್ಟವರು ನಮ್ಮ ಚಿಕ್ಕೋಡಿ ತಾಲ್ಲೂಕಿನ ಸದಲಗೆಯಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆಯವರು. 1930ರಿಂದ 1962ರವರೆಗೆ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದು, ಪ್ರಾಕೃತ ಗ್ರಂಥಗಳನ್ನು ಒಂದೊಂದಾಗಿ ಶೋಧಿಸಿ ಸಂಪಾದಿಸಿ, ಯುರೋಪಿನ ಪಂಡಿತರು ಕೊಲ್ಲಾಪುರದ ವಿ‌ಳಾಸವನ್ನು ಬರೆದಿಟ್ಟುಕೊಳ್ಳುವಂತೆ ಮಾಡಿದರು.

ಫ್ಲಾರೆನ್ಸಿನಲ್ಲಿ ಆ ಸಂಗಮದ ಹತ್ತಿರವೇ 1978ರಲ್ಲಿ ಒಂದು ದೊಡ್ಡ ಸೇತುವೆ ಮುಗಿಯಿತು. ಅದಕ್ಕೆ ಇಟ್ಟ ಹೆಸರೂ ಇಂಡಿಯಾನೋ ಸೇತುವೆಯೆಂದೇ. ಕೆಳಗೆ ಛತ್ರಿಯ ಸುತ್ತ ಬೆಂಚುಗಳಿವೆ. ಭಾನುವಾರ ಮಧ್ಯಾಹ್ನ ಆ ಊರಿನವರು ಮಕ್ಕಳನ್ನು ಕರೆದುಕೊಂಡು ಅಲ್ಲಿಯತನಕ ನಡೆದು ಬಂದು, ಸ್ವಲ್ಪ ಹೊತ್ತು ನೀರು ನೋಡುತ್ತ ಕುಳಿತು, ಮನೆಗೆ ಹೋಗುತ್ತಾರೆ.